ಹಂಡೆ ಒಲೆಯಿಂದ ಗೀಸರ್‌ವರೆಗೆ

ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರ ಜೂನ್‌ನಲ್ಲಿ ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಮನೆಗಳ ಸರದಿ ಆಮೇಲಿನದು, ಅದೂ ಪಟ್ಟಣದ ಉಳ್ಳವರದ್ದು. ಹಳ್ಳಿಗಳಲ್ಲಿ ಬುಡ್ಡಿದೀಪ, ಲಾಟೀನುಗಳ ಕಾಲ ಇನ್ನೂ ಎಷ್ಟೋ ದಶಕ ಮುಂದುವರಿಯಿತು. ಶರಾವತಿಯ ಜಲವಿದ್ಯುತ್ ಅಣೆಕಟ್ಟಿಗಾಗಿ ಊರು ತೊರೆದವರಲ್ಲೇ ಅನೇಕರು ಹೊಸ ಜಾಗದಲ್ಲಿ ಬಹುಕಾಲ ಕತ್ತಲಲ್ಲಿ ಕೂತರು.

ಆದರೆ ದೀಪವಿಲ್ಲದ ಮನೆ ಶಕ್ತಿ ಬಳಸದ ಮನೆಯಲ್ಲ. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಇದರ ಲೆಕ್ಕ ಹಾಕಿದರು. ಐವತ್ತು ಚಿಲ್ಲರೆ ಮನೆಗಳ ಆ ಊರು ಬಳಸುತ್ತಿದ್ದ ಶಕ್ತಿಯಲ್ಲಿ ಶೇ. 90ರ ಆಸುಪಾಸು ಸೌದೆಯಿಂದ ಬರುತ್ತಿತ್ತು. ಅದರ ನಂತರದ ಸ್ಥಾನ ಮನುಷ್ಯರ ಮೈಬೆವರಿನದು. ವಿದ್ಯುತ್ತಿನ ಪಾಲು ಶೇ. 1ರಷ್ಟು. ಸೌದೆ ಆಯುವುದು, ನೀರು ಹೊರುವುದು, ರುಬ್ಬುವುದು ಇವ್ಯಾವುದಕ್ಕೂ ಮೀಟರ್ ಇರಲಿಲ್ಲ. ಮನೆಯ ವಿದ್ಯುತ್ ಬಳಕೆ ಏಕೆ ಏರಿತೆಂದು ಕೇಳುವಾಗ ಈ ಮರೆಯಾದ ಖಾತೆಯನ್ನು ಮೊದಲು ತೆರೆಯಬೇಕು.

ಮೀಟರು ಬಂದ ಮೊದಲ ಕಾಲ ಬಲ್ಬಿನದು. 40 ವಾಟಿನ ಒಂದು ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್. ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದೂ ಒಂದೇ ದೀಪ. ಸಂಪರ್ಕ ಮಾತ್ರ ಬೇಗ ಹಬ್ಬಿತು. ರಾಜ್ಯದಲ್ಲಿ ವಿದ್ಯುತ್ ದೀಪವಿದ್ದ ಮನೆಗಳು 2001ರ ಜನಗಣತಿಯಲ್ಲಿ ಶೇ. 78ರಷ್ಟಿದ್ದವು, 2011ಕ್ಕೆ ಶೇ. 90 ದಾಟಿದವು. ಏರಿಕೆಯ ಒಂದು ಭಾಗ ಹೀಗೆ ಹೊಸದಾಗಿ ತಂತಿ ಮುಟ್ಟಿದ ಮನೆಗಳಿಂದಲೇ ಬಂತು.

ಉಳಿದದ್ದು ಅಡುಗೆಮನೆ ಮತ್ತು ಬಚ್ಚಲಿನ ಕಥೆ. ಒರಳುಕಲ್ಲಿನ ಜಾಗಕ್ಕೆ ಮಿಕ್ಸಿ, ಗ್ರೈಂಡರ್ ಬಂದವು. ಸದ್ದು ಜೋರಾದರೂ ಮಿಕ್ಸಿಯ ಖರ್ಚು ಅಲ್ಪ: 750 ವಾಟಿನದು ದಿನಕ್ಕೆ ಕಾಲು ಗಂಟೆ ತಿರುಗಿದರೆ ತಿಂಗಳಿಗೆ ಐದಾರು ಯೂನಿಟ್. ಅಷ್ಟಕ್ಕೆ ಗೃಹಿಣಿಯ ರಟ್ಟೆಗೆ ಸಿಕ್ಕ ಬಿಡುವು ಬಹಳ ದೊಡ್ಡದು. ಬಾವಿಯ ರಾಟೆ ಹೋಗಿ ಕೊಳವೆಬಾವಿಗೆ ಪಂಪು ಬಂದಾಗಲೂ ಆದದ್ದು ಇದೇ. ಅಂತರ್ಜಲ ಇಳಿದಂತೆಲ್ಲ ಅದೇ ಕೊಡ ನೀರಿಗೆ ಹೆಚ್ಚು ಯೂನಿಟ್ ಬೇಕಾಯಿತು.

ನಿಜವಾದ ನೆಗೆತ ಕಂಡದ್ದು ಬಚ್ಚಲಲ್ಲಿ. ಒಂದು ಬಕೆಟ್ ಸ್ನಾನದ ನೀರು ಕಾಯಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ವರ ಮನೆಗೆ ತಿಂಗಳಿಗೆ 60, ಎಂದರೆ ಹಳೆಯ ಬಲ್ಬಿನ ಹತ್ತರಷ್ಟು. ಹಾಗೆಂದು ಗೀಸರನ್ನು ದುಂದುಗಾರನೆನ್ನುವುದು ಅವಸರದ ಮಾತು. ಹಳೆಯ ಒಲೆಯಲ್ಲಿ ಉರಿಯ ಬಹುಪಾಲು ಹೊಗೆಯಲ್ಲೇ ಹೋಗುತ್ತಿತ್ತು; ಅದೇ ಬಕೆಟ್ಟಿಗೆ ಕಿಲೋದಷ್ಟು ಸೌದೆ ತಗಲುತ್ತಿತ್ತು. ಇತ್ತ ಗೀಸರಿನ ಅರ್ಧ ಯೂನಿಟ್ ಹಿಂದೆಯೂ ನಷ್ಟವಿದೆ: ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಎರಡು ಪಾಲು ವಿದ್ಯುತ್ತಾಗದೆ ಹೋಗುತ್ತದೆ. ಎರಡನ್ನೂ ತೂಗಿದರೆ ಇಂಧನ ಕಡಿಮೆಯೇ ಸುಟ್ಟಿದೆ. ಬಿಲ್ಲು ಮಾತ್ರ ಏರಿದೆ. ಇದನ್ನು ತಗ್ಗಿಸಲೆಂದೇ ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಹೀಟರುಗಳು ಏರಿದವು, ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿಯೂ ಬಂತು.

ಎಲ್ಲ ಏರಿಕೆಯೂ ಹಳೆಯ ಕೆಲಸದ ವರ್ಗಾವಣೆಯಲ್ಲ. 1981ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಶುರುವಾಯಿತು; ಟಿ.ವಿ., ಫ್ರಿಜ್ಜು ಹೊಸ ಬೇಡಿಕೆಗಳು. ಫ್ರಿಜ್ಜಿಗೆ ರಾತ್ರಿ ಹಗಲೆಂಬುದಿಲ್ಲ. ಕಟ್ಟಡವೂ ಬದಲಾಯಿತು. ಹೆಂಚಿನ ಮಾಡು, ದಪ್ಪ ಮಣ್ಣಿನ ಗೋಡೆಯ ಮನೆಯಲ್ಲಿ ಗಾಳಿ ತಾನಾಗಿ ಆಡುತ್ತಿತ್ತು. ಬಿಸಿಲು ಹೀರಿದ ಆರ್‌ಸಿಸಿ ತಾರಸಿ ರಾತ್ರಿಯೂ ಬೇಯುತ್ತದೆ. 75 ವಾಟಿನ ಫ್ಯಾನು ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್, ಅದೂ ಒಂದು ಕೋಣೆಗೆ. ಕೂಡು ಕುಟುಂಬ ಒಡೆದು ಮೂರು ಮನೆಯಾದಾಗ ಫ್ರಿಜ್ಜೂ ಮೂರಾದವು.

60 ವಾಟಿನ ಬಲ್ಬಿನ ಜಾಗಕ್ಕೆ 9 ವಾಟಿನ ಎಲ್‌ಇಡಿ ಬಂದು ದೀಪದ ಖರ್ಚು ಕುಸಿಯಿತು. ಆದರೆ ಆ ಹೊತ್ತಿಗೆ ಬಿಲ್ಲಿನಲ್ಲಿ ದೀಪದ ಪಾಲೇ ಚಿಕ್ಕದಾಗಿತ್ತು. ಆ ಉಳಿತಾಯವನ್ನೂ ಜಗಲಿ, ಕಾಂಪೌಂಡಿನ ಹೊಸ ದೀಪಗಳು ಒಂದಿಷ್ಟು ನುಂಗಿದವು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ ಉಚಿತವೆಂದಿತಾದರೂ ಆರಂಭದಲ್ಲಿ ಪ್ರತಿ ಮನೆಗೆ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಮಾತ್ರ ಹೆಚ್ಚು ಕೊಟ್ಟಿತು. ಹೀಗಾಗಿ ಹಳೆಯ ಸರಾಸರಿ ಕಡಿಮೆಯಿದ್ದ ಮನೆಗೆ ಉಚಿತದ ಮಿತಿಯೂ ಕಡಿಮೆಯಾಯಿತು. ಅಡಿಕೆ ಸಿಪ್ಪೆ, ತೆಂಗಿನ ಗರಿ ಹಾಕಿ ಇಂದಿಗೂ ಹಂಡೆ ಕಾಯಿಸುವ ಮಲೆನಾಡಿನ ಮನೆಗಳ ಸ್ನಾನದ ಉರಿ ಆ ಸರಾಸರಿಯಲ್ಲಿ ಸೇರಿಲ್ಲ.