ಮೂಳೆ ನುಡಿದ ಸಾಕ್ಷಿ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬರಹವುಳ್ಳ ಕಲ್ಲುಗಳು ಮಡಿದವನ ಹೆಸರನ್ನೂ ಮಡಿದ ಕಾರಣವನ್ನೂ ಹೇಳುತ್ತವೆ. ತುರುಗಳನ್ನು ಬಿಡಿಸಹೋಗಿ ಸತ್ತವನ ಹೆಸರು ಶತಮಾನಗಳ ಕಾಲ ಉಳಿಯಿತು. ಏಕೆಂದರೆ ಅವನು ಬಿದ್ದುದನ್ನು ಕಂಡವರಿದ್ದರು. ಯಾರ ಕಣ್ಣಿಗೂ ಬೀಳದೆ ಕಾಣೆಯಾದವನಿಗೆ ಕಲ್ಲು ನಿಲ್ಲಿಸುವವರು ಯಾರು? ಅವನ ಮನೆಯವರು ಅಳಲೂ ಆರರು, ಕಾಯದಿರಲೂ ಆರರು.

ಸಾಕ್ಷಿಯ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಹಾನಗಲ್ಲು 'ಪಾನುಂಗಲ್ಲು ಐನೂರು' ಎಂಬ ನಾಡಿನ ರಾಜಧಾನಿಯಾಗಿದ್ದ ಕಾಲದಲ್ಲಿ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದನು. ಬರಹ, ಅನುಭೋಗ, ಸಾಕ್ಷಿಗಳು ಮಾನುಷ ಪ್ರಮಾಣಗಳು. ಅವು ಇಲ್ಲದಾಗ ಮಾತ್ರ ದಿವ್ಯಪರೀಕ್ಷೆ ಎಂಬ ಕ್ರಮವನ್ನು ಅಲ್ಲಿ ಕಾಣುತ್ತೇವೆ. ಮನುಷ್ಯರ ಸಾಕ್ಷಿ ಮುಗಿದಲ್ಲಿ ಬೆಂಕಿ, ನೀರುಗಳನ್ನು ಕೇಳಬೇಕಾಗಿತ್ತು. ಮುಂದೆ 1872ರ ಸಾಕ್ಷ್ಯ ಕಾಯಿದೆ, 7 ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಊಹಿಸಬಹುದೆಂದಿತು. 2023ರ ಹೊಸ ಕಾಯಿದೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಆಸ್ತಿಯ ಹಂಚಿಕೆಗೆ ಊಹೆ ಸಾಕು. ಹೆತ್ತ ಕರುಳಿಗೆ ಸಾಲದು.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ಹೊಸ ದಾರಿಯೊಂದನ್ನು ಕಂಡನು. ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ಸೂಕ್ಷ್ಮ ತಂತುವಿನಲ್ಲಿ ಕೆಲವು ತುಣುಕುಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಬರುತ್ತವೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದುದು. ಆದುದರಿಂದ ದೊರೆತ ಮೂಳೆ ಯಾರದೆಂದು ತಿಳಿಯಲು ತಂದೆತಾಯಿಗಳ ಅಥವಾ ಮಕ್ಕಳ ಕೆಲವು ಹನಿ ರಕ್ತ ಸಾಕಾಗಬಹುದು. ಮುಖ ಅಳಿದರೂ ಹಲ್ಲು, ಮೂಳೆಗಳಲ್ಲಿ ಈ ಬರಹ ಬಹುಕಾಲ ಉಳಿಯಬಲ್ಲುದು.

ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಹೈದರಾಬಾದಿನ ಡಾ. ಲಾಲ್‌ಜಿ ಸಿಂಗ್. ಕಟ್ಟುಹಾವಿನ ಜಾತಿಯ ಹಾವೊಂದರ ಡಿ.ಎನ್.ಎ.ಯಿಂದ ಅವರು ತಮ್ಮ ಸಾಧನವನ್ನು ರೂಪಿಸಿದರು. 1989ರಲ್ಲಿ ಕೇರಳದ ತಲಶ್ಶೇರಿಯ ನ್ಯಾಯಾಲಯ ಮಗುವೊಂದರ ಪಿತೃತ್ವದ ವಿಚಾರದಲ್ಲಿ ಈ ಸಾಕ್ಷ್ಯವನ್ನು ಒಪ್ಪಿತು.

ನಮ್ಮ ರಾಜ್ಯದಲ್ಲಿ ಇದರ ಬೆಲೆಯನ್ನು ಬೆಂಗಳೂರಿನ ಒಂದು ಮೊಕದ್ದಮೆ ತೋರಿಸಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು 1991ರಲ್ಲಿ ಕಾಣೆಯಾದರು. ಮಗಳು ತಾಯಿಯನ್ನು ಹುಡುಕುವುದನ್ನು ಬಿಡಲಿಲ್ಲ. 1992ರಲ್ಲಿ ಪೋಲೀಸರಿಗೆ ದೂರಿತ್ತಳು. 1994ರಲ್ಲಿ ಮನೆಯ ಹಿತ್ತಲ ನೆಲದಡಿಯಲ್ಲಿ ಹೂತಿದ್ದ ಪೆಟ್ಟಿಗೆಯಲ್ಲಿ ಅಸ್ಥಿಗಳು ದೊರೆತವು. ಮೃತೆಯ ತಾಯಿ ಉಂಗುರ, ಉಡುಪುಗಳನ್ನು ಗುರುತಿಸಿದರು. ತಲೆಬುರುಡೆಯನ್ನು ಭಾವಚಿತ್ರದೊಡನೆ ಹೋಲಿಸಿ ನೋಡಲಾಯಿತು. ಡಿ.ಎನ್.ಎ. ಪರೀಕ್ಷೆಯೂ ಅದನ್ನೇ ಸಾರಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಪರಾಧಿಯಾದ ಗಂಡನಿಗೆ ಜೀವಿತದ ಕೊನೆಯವರೆಗೆ ಸೆರೆವಾಸ ವಿಧಿಸಿತು.

ಕಣ್ಣಿನ ಸಾಕ್ಷಿ ಎಷ್ಟು ದುರ್ಬಲವೆಂಬುದನ್ನು ಮಂಗಳೂರು ಕಲಿಸಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಉರಿದುಹೋಗಿ 158 ಜನ ಸತ್ತರು. ದಕ್ಷಿಣ ಕನ್ನಡ, ಕಾಸರಗೋಡುಗಳ ಎಷ್ಟೋ ಮನೆಗಳು ಬರಿದಾದವು. ಸುಟ್ಟ ದೇಹಗಳಲ್ಲಿ ಹಲವನ್ನು ಬಂಧುಗಳು ಒಡವೆ, ಬಟ್ಟೆಗಳ ಗುರುತಿನಿಂದ ಒಯ್ದರು. ಉಳಿದವುಗಳ ಡಿ.ಎನ್.ಎ. ಪರೀಕ್ಷೆ ನಡೆದಾಗ 12 ದೇಹಗಳಿಗೆ ಹೊಂದುವ ಬಂಧುಗಳು ದೊರೆಯಲಿಲ್ಲ. ಮೊದಲು ಒಯ್ದವರಲ್ಲಿ ಅದಲುಬದಲು ನಡೆದಿರಬಹುದೆಂಬ ಮಾತು ಆಗ ಕೇಳಿಬಂತು. ಆ ದೇಹಗಳನ್ನು ಕೂಳೂರಿನ ಬಳಿ ಮಣ್ಣು ಮಾಡಿದರು.

ಆದರೆ ಡಿ.ಎನ್.ಎ. ಸರ್ವಜ್ಞನಲ್ಲ. ಇದು ಇಂಥವರ ಮೂಳೆ ಎಂದು ಅದು ಹೇಳೀತು. ಕೊಂದವರಾರು, ಏಕೆ ಎಂಬುದನ್ನು ಇತರ ಸಾಕ್ಷ್ಯಗಳೇ ಹೇಳಬೇಕು. ಬರಿಗೈಯಲ್ಲಿ ಮುಟ್ಟಿದರೆ, ಮುದ್ರೆಯಿಲ್ಲದೆ ಸಾಗಿಸಿದರೆ, ಒಂದರ ಚೀಟಿಯನ್ನು ಇನ್ನೊಂದಕ್ಕೆ ಅಂಟಿಸಿದರೆ ಸತ್ಯವೂ ಕೆಡುತ್ತದೆ. ಹೋಲಿಸಲು ಬಂಧುಗಳ ರಕ್ತವಿಲ್ಲದಿದ್ದರೆ ದೊರೆತ ಮೂಳೆ ಅನಾಮಿಕವಾಗಿಯೇ ಉಳಿಯುತ್ತದೆ.

ಆದುದರಿಂದ ಮನೆಯವರೊಬ್ಬರು ಕಾಣದಾದಾಗ 'ಬಂದಾರು' ಎಂದು ಮಾನಕ್ಕಂಜಿ ಸುಮ್ಮನಿರಬಾರದು. ಬೇಗನೆ ಠಾಣೆಗೆ ದೂರು ಕೊಡಬೇಕು. ಅವರು ಬಳಸಿದ ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷುಗಳನ್ನು ತೊಳೆಯದೆ ಕಾಯ್ದಿಡಬೇಕು. ಹುಡುಕುವವರು ಇದ್ದರೆ ಮಾತ್ರ ಮೂಳೆಯ ಮಾತಿಗೆ ಅರ್ಥ ಬಂದೀತು.