ಪಾರ್ಮೆನಿಡೀಸನ ಪ್ರಶ್ನೆ ಮತ್ತು ಗ್ರೀಕ್ ಪರಮಾಣುವಾದ

ಕ್ರಿ.ಪೂ. 6ನೇ ಶತಮಾನದಲ್ಲಿ ಮಿಲೀಟಸ್ ನಗರದ (ಇಂದಿನ ಟರ್ಕಿಯ ಪಶ್ಚಿಮ ಕರಾವಳಿ) ಚಿಂತಕರು ಜಗತ್ತಿನ ಮೂಲದ್ರವ್ಯ ಯಾವುದೆಂದು ಕೇಳಿದರು. ಥೇಲೀಸ್ ನೀರು ಎಂದನು, ಅನಾಕ್ಸಿಮಿನೀಸ್ ಗಾಳಿ ಎಂದನು. ಈ ಉತ್ತರಗಳು ನಿಲ್ಲಲಿಲ್ಲ; ಭೂಕಂಪಕ್ಕೂ ಮಿಂಚಿಗೂ ದೇವತೆಗಳ ಕೋಪವನ್ನು ಹೇಳದೆ ಪ್ರಕೃತಿಯೊಳಗೇ ಕಾರಣ ಹುಡುಕುವ ಕ್ರಮ ನಿಂತಿತು.

ಈ ಹುಡುಕಾಟಕ್ಕೆ ದೊಡ್ಡ ತಡೆ ಒಡ್ಡಿದವನು ದಕ್ಷಿಣ ಇಟಲಿಯ ಎಲಿಯಾ ಊರಿನ ಪಾರ್ಮೆನಿಡೀಸ್ (ಕ್ರಿ.ಪೂ. 5ನೇ ಶತಮಾನ). ಇಲ್ಲದ್ದರಿಂದ ಏನೂ ಹುಟ್ಟದು, ಇರುವುದು ಇಲ್ಲವಾಗದು ಎಂಬುದು ಅವನ ವಾದ. ಬದಲಾವಣೆ ಎಂದರೆ ಇಲ್ಲದ್ದು ಬರುವುದು, ಇದ್ದದ್ದು ಹೋಗುವುದು. ಹಾಗಾದರೆ ಬದಲಾವಣೆಯೇ ಭ್ರಮೆ! ಬೀಜ ಮರವಾಗುವುದನ್ನು ಕಂಡವರು ಇದನ್ನು ಒಪ್ಪುವುದು ಕಷ್ಟ. ತರ್ಕದಲ್ಲಿ ದೋಷ ಹಿಡಿಯುವುದೂ ಅಷ್ಟೇ ಕಷ್ಟ.

ನಂತರದವರೆಲ್ಲ ಇದಕ್ಕೆ ಉತ್ತರ ಕೊಡಲೇಬೇಕಾಯಿತು. ಸಿಸಿಲಿಯ ಎಂಪೆಡೊಕ್ಲೀಸ್, ಭೂಮಿ, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಮೂಲಗಳು ನಿತ್ಯ, ಅವುಗಳ ಬೆರಕೆ ಮಾತ್ರ ಬದಲಾಗುತ್ತದೆ ಎಂದನು. ಲ್ಯೂಸಿಪ್ಪಸ್ ಮತ್ತು ಅಬ್ಡೆರಾದ ಡೆಮಾಕ್ರಿಟಸ್ ಇನ್ನೂ ಮುಂದೆ ಹೋದರು: ಇರುವುದು ಪರಮಾಣುಗಳು ಮತ್ತು ಶೂನ್ಯ ಮಾತ್ರ. ಪರಮಾಣು ಹುಟ್ಟದು, ಸಾಯದು, ಒಡೆಯದು. ಜೋಡಣೆ ಬದಲಾದಾಗ ವಸ್ತು ಬದಲಾಗುತ್ತದೆ. ಅವೇ ಅಕ್ಷರಗಳಿಂದ ದುರಂತ ನಾಟಕವೂ ಆಗುತ್ತದೆ, ಹಾಸ್ಯ ನಾಟಕವೂ ಆಗುತ್ತದೆ ಎಂಬ ಹೋಲಿಕೆಯನ್ನು ಅರಿಸ್ಟಾಟಲ್ ದಾಖಲಿಸಿದ್ದಾನೆ. ಪ್ರಯೋಗವಿಲ್ಲದೆ, ತರ್ಕದ ಒತ್ತಡದಿಂದಲೇ ಹುಟ್ಟಿದ ಸಿದ್ಧಾಂತ ಇದು.

ಜೈನ ಓದುಗರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಜೈನ ದರ್ಶನದ ಪುದ್ಗಲ ಪರಮಾಣುವಿಗೆ ಸ್ಪರ್ಶ, ರಸ, ಗಂಧ, ವರ್ಣಗಳುಂಟು. ಡೆಮಾಕ್ರಿಟಸನ ಪರಮಾಣುವಿಗೆ ಆಕಾರ, ಗಾತ್ರಗಳಿವೆ. ಬಣ್ಣ, ರುಚಿ ಇಲ್ಲ. ಹೆಸರು ಒಂದೇ ಎಂದು ಎರಡನ್ನೂ ಒಂದೇ ಎನ್ನುವುದು ಸರಿಯಲ್ಲ.

ಶೂನ್ಯವನ್ನು ನಿರಾಕರಿಸಿದ ಅರಿಸ್ಟಾಟಲ್ ನಾಲ್ಕು ಮೂಲಗಳನ್ನೇ ತನ್ನ ರೀತಿಯಲ್ಲಿ ಸ್ವೀಕರಿಸಿದನು. ಯುರೋಪಿನಲ್ಲಿ ಅವನ ಮಾತೇ ಬಹುಕಾಲ ನಡೆಯಿತು. ಡೆಮಾಕ್ರಿಟಸನ ಗ್ರಂಥಗಳಲ್ಲಿ ಉಳಿದದ್ದು ಬಿಡಿ ತುಣುಕುಗಳಷ್ಟೇ. ಪರಮಾಣುವಾದವನ್ನು ಉಳಿಸಿದ್ದು ಎಪಿಕ್ಯೂರಸನ ಪರಂಪರೆ, ಮುಖ್ಯವಾಗಿ ರೋಮನ್ ಕವಿ ಲುಕ್ರೀಷಿಯಸನ ದೀರ್ಘ ಕಾವ್ಯ. ಅದರ ಹಸ್ತಪ್ರತಿಯೊಂದು 1417ರಲ್ಲಿ ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚ್ಚೊಲೀನಿಗೆ ಸಿಕ್ಕಿತು. 17ನೇ ಶತಮಾನದಲ್ಲಿ ಫ್ರಾನ್ಸಿನ ಗಸೆಂಡಿ ಈ ವಾದಕ್ಕೆ ಮರುಜೀವ ಕೊಟ್ಟರು. 1808ರಲ್ಲಿ ಜಾನ್ ಡಾಲ್ಟನ್ ತೂಕದ ಲೆಕ್ಕಾಚಾರದೊಡನೆ ಅದನ್ನು ರಸಾಯನಶಾಸ್ತ್ರಕ್ಕೆ ತಂದರು. ಗ್ರೀಕರ ‘ಆಟಮೊಸ್’ ಎಂದರೆ ಕತ್ತರಿಸಲಾಗದ್ದು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿ, ಪರಮಾಣುವಿಗೂ ಒಳಭಾಗಗಳಿವೆ ಎಂದು ತೋರಿಸಿದ ಮೇಲೂ ಹೆಸರು ಮಾತ್ರ ಬದಲಾಗಲಿಲ್ಲ.