ಅರೆವಾಹಕ ವಿದ್ಯೆಯ ನೆಲೆಗಳು

ಇಂಡಿ ಸೀಮೆಯಲ್ಲಿ ಲಿಂಬೆಯ ತೋಟಗಳು ಒತ್ತೊತ್ತಾಗಿ ಹಬ್ಬಿರುವುದಕ್ಕೆ ಮಣ್ಣಿನ ಗುಣವೊಂದೇ ಕಾರಣವೆನ್ನುವವನು ಅರ್ಧಸತ್ಯವನ್ನಷ್ಟೇ ನುಡಿದವನಾಗುವನು. ಸಸಿ ಕೊಡುವವನು, ಎಲೆಯ ಬಣ್ಣ ನೋಡಿಯೇ ರೋಗವನ್ನು ಗುರುತಿಸುವ ನೆರೆಹೊಲದವನು, ಕಾಯಿಯನ್ನು ಗಾತ್ರಕ್ಕನುಸಾರವಾಗಿ ಆರಿಸಬಲ್ಲ ಹೆಣ್ಣಾಳು, ಹೊರಪ್ರಾಂತಗಳ ದರವನ್ನು ಬಲ್ಲ ಅಡತಿಯವನು, ಇವರೆಲ್ಲರೂ ಒಂದೆಡೆ ನೆರೆದ ಮೇಲೆ ಹೊಸದಾಗಿ ಲಿಂಬೆ ಹಚ್ಚುವವನು ಇಲ್ಲಿಯೇ ಹಚ್ಚುವನಲ್ಲದೆ ದೂರ ಹೋಗನು. ಷೆಫೀಲ್ಡಿನ ಚಾಕು-ಕತ್ತರಿಗಳಂತಹ ಕಸುಬುಗಳು ಒಂದೇ ಊರಿಗೆ ಏಕೆ ಅಂಟಿಕೊಳ್ಳುತ್ತವೆಯೆಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ವಿವೇಚಿಸಿದ್ದನು. ನಮ್ಮ ಕಾಲದ ಅತಿಸೂಕ್ಷ್ಮ ಕಸುಬಾದ ಅರೆವಾಹಕ ಶಿಲ್ಪವೂ, ಅಂದರೆ ಚಿಪ್ಪುಗಳ ನಿರ್ಮಾಣವೂ, ಈ ನಿಯಮಕ್ಕೆ ಹೊರತಲ್ಲ.

ಇದರ ಮೊದಲ ನೆಲೆಯಾದ ಕ್ಯಾಲಿಫೋರ್ನಿಯದ ಕಥೆ ಸರ್ವವಿದಿತ. ಟ್ರಾನ್ಸಿಸ್ಟರಿನ ಜನಕರಲ್ಲೊಬ್ಬನಾದ ವಿಲಿಯಂ ಶಾಕ್ಲಿ 1956ರಲ್ಲಿ ತನ್ನ ಪ್ರಯೋಗಶಾಲೆಯನ್ನು ಮೌಂಟನ್ ವ್ಯೂ ಎಂಬಲ್ಲಿ ತೆರೆದುದಕ್ಕೆ ಅವನ ವೃದ್ಧಮಾತೆ ಸಮೀಪದ ಪಾಲೊ ಆಲ್ಟೊದಲ್ಲಿ ವಾಸವಾಗಿದ್ದುದೂ ಒಂದು ಕಾರಣ. ಜಗತ್ತಿನ ಸಂಪತ್ತಿನ ದಿಕ್ಕನ್ನು ಕೆಲವೊಮ್ಮೆ ಹೆತ್ತವಳ ಮನೆಯ ವಿಳಾಸವೂ ತಿರುಗಿಸುವುದುಂಟು! ಅವನ ದುಃಸ್ವಭಾವವನ್ನು ಸಹಿಸಲಾರದೆ ಎಂಟು ಜನ ಸಹೋದ್ಯೋಗಿಗಳು ಮರುವರ್ಷವೇ ಹೊರಬಿದ್ದು ಫೇರ್‌ಚೈಲ್ಡ್ ಕಂಪನಿಯನ್ನು ಕಟ್ಟಿದರು. ಅವರಲ್ಲಿ ನಾಯ್ಸ್ ಮತ್ತು ಮೂರ್ ಎಂಬಿಬ್ಬರು 1968ರಲ್ಲಿ ಇಂಟೆಲನ್ನು ಸ್ಥಾಪಿಸಿದರು. ಒಡೆಯನನ್ನು ತೊರೆದವನು ಅದೇ ಕಸುಬನ್ನು ಅದೇ ಊರಿನಲ್ಲಿ ಹೂಡುವುದಕ್ಕೆ ಆ ಸಂಸ್ಥಾನದ ಕಾಯಿದೆ ಅಡ್ಡಬಾರದಿದ್ದುದೂ ಗಮನಾರ್ಹ.

ಬೆಂಗಳೂರಿನ ಕಥೆಯ ಬೇರು ಇನ್ನೂ ಹಿಂದಕ್ಕೆ ಹೋಗುವುದು. ಮತ್ತು ಆ ಬೇರನ್ನು ನೆಟ್ಟವರಲ್ಲಿ ಮೊದಲಿಗರಾರೂ ಚಿಪ್ಪಿನ ಕನಸು ಕಂಡವರಲ್ಲ. ಕೋಲಾರದ ಚಿನ್ನದ ಗಣಿಗಳಿಗೆಂದು ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಜಮಶೇಟಜಿ ಟಾಟಾ ಅವರ ಸಂಕಲ್ಪಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಿತ್ತುದರಿಂದ 1909ರಲ್ಲಿ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಸಮುದ್ರತೀರದಿಂದ ದೂರವಿರುವ ಈ ನಗರವು ರಕ್ಷಣಾದೃಷ್ಟಿಯಿಂದ ಯೋಗ್ಯವೆನಿಸಿ 1940ರಲ್ಲಿ ವಿಮಾನ ಕಾರ್ಖಾನೆಯನ್ನೂ, ಸ್ವಾತಂತ್ರ್ಯಾನಂತರ 1948ರಲ್ಲಿ ದೂರವಾಣಿ ಕಾರ್ಖಾನೆಯನ್ನೂ, 1954ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸನ್ನೂ ಪಡೆಯಿತು. ಈ ಕೊನೆಯದು 1962ರ ಹೊತ್ತಿಗೆ ಜರ್ಮೇನಿಯಮ್ ಅರೆವಾಹಕಗಳನ್ನು ತಯಾರಿಸತೊಡಗಿದುದರಿಂದ, ಚಿಪ್ಪೆಂಬ ಶಬ್ದ ಜನರ ಕಿವಿಗೆ ಬೀಳುವ ಎಷ್ಟೋ ಮೊದಲೇ, ಆ ವಿದ್ಯೆಯ ಕೈಗಳು ಅಲ್ಲಿ ಪಳಗತೊಡಗಿದ್ದುವು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸಿನ ಆರ್. ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ನಗರದ ಹೊರಗೆ ಎಲೆಕ್ಟ್ರಾನಿಕ್ ಸಿಟಿಯನ್ನು ಯೋಜಿಸಿದಾಗ ನಕ್ಕವರೂ ಇದ್ದಿರಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಚಿಪ್ ವಿನ್ಯಾಸದ ತನ್ನ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದುದು ಹಳೆಯ ಬೇರಿಗೆ ಬಂದ ಹೊಸ ಚಿಗುರು. ಅದರ ಉಪಗ್ರಹ ಸಂಪರ್ಕದ ತಟ್ಟೆಯನ್ನು ಎತ್ತಿನ ಬಂಡಿಯಲ್ಲಿ ಸಾಗಿಸಿದರೆಂಬ ಪ್ರತೀತಿಯಿದೆ. ಬಂಡಿಯನ್ನು ಬಲ್ಲ ನಮಗೆ ಅದರಲ್ಲಿ ಅಚ್ಚರಿಯೇನಿಲ್ಲ. ಆ ಕಂಪನಿಯಲ್ಲಿ ಪಳಗಿದವರನ್ನು ಸೆಳೆಯಲು ಮತ್ತೊಂದು, ಅದರವರನ್ನು ಸೆಳೆಯಲು ಇನ್ನೊಂದು, ಹೀಗೆ ಸಾಲು ಬೆಳೆಯಿತು.

ಇದಕ್ಕೆ ಪ್ರತಿಯಾದ ನಿದರ್ಶನ ಪಂಜಾಬಿನ ಮೊಹಾಲಿ. ಸರ್ಕಾರವೇ ಕಟ್ಟಿದ ಅಲ್ಲಿನ ಚಿಪ್ ಕಾರ್ಖಾನೆಯು 1984ರಲ್ಲಿ ಉತ್ಪಾದನೆಗೆ ತೊಡಗಿ, 1989ರ ಅಗ್ನಿಯಲ್ಲಿ ಬೆಂದು, ಮತ್ತೆ ಎದ್ದರೂ ಏಕಾಕಿಯಾಗಿಯೇ ಉಳಿಯಿತು. ಬಿಟ್ಟು ಹೋದವನಿಗೆ ಪಕ್ಕದ ಬೀದಿಯಲ್ಲಿ ಇನ್ನೊಂದು ಬಾಗಿಲಿರಲಿಲ್ಲ.

ಇಲ್ಲಿ ಒಂದು ಭೇದವನ್ನು ಗ್ರಹಿಸಬೇಕು. ವಿನ್ಯಾಸವು ಮನುಷ್ಯರನ್ನು ಅರಸಿಕೊಂಡು ಹೋಗುತ್ತದೆ. ತಯಾರಿಕೆಯಾದರೋ ಅತಿಶುದ್ಧ ನೀರನ್ನೂ, ಕ್ಷಣವೂ ತಪ್ಪದ ವಿದ್ಯುತ್ತನ್ನೂ, ಎಲ್ಲಕ್ಕೂ ಮಿಗಿಲಾಗಿ ಸರ್ಕಾರದ ಹಣವನ್ನೂ ಹಿಂಬಾಲಿಸುತ್ತದೆ. ತೈವಾನಿನ ಶಿಂಚು ಉದ್ಯಾನವು 1980ರಲ್ಲಿ ಎದ್ದುದು ರಾಜ್ಯದ ಬೆಂಬಲದಿಂದಲೇ. ಕೇಂದ್ರ ಸರ್ಕಾರವು 2021ರಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಘೋಷಿಸಿದ ಮೇಲೆ ಕಾರ್ಖಾನೆಗಳು ಗುಜರಾತಿನ ಸಾನಂದ್, ಧೊಲೇರಾಗಳಿಗೂ ಅಸ್ಸಾಮಿನ ಜಾಗೀರೋಡಿಗೂ ಹೋದುವಲ್ಲದೆ ಬೆಂಗಳೂರಿಗೆ ಬರಲಿಲ್ಲ.

ಹಾಗಾದರೆ ನಮ್ಮ ವಿಜಯಪುರ ಜಿಲ್ಲೆ? ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿದೆ, ಕೂಡಗಿಯಲ್ಲಿ 2,400 ಮೆಗಾವಾಟಿನ ಉಷ್ಣಸ್ಥಾವರವಿದೆ, ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಿಂದ ನಡೆಯುತ್ತಿದೆ. ಮೇಜಿನ ಮೇಲೆ ನಕ್ಷೆ ಹರವಿ ನೋಡುವವನಿಗೆ ಏನೂ ಕಡಿಮೆಯಿಲ್ಲವೆನಿಸುವುದು. ಜಮೀನು ಕೊಟ್ಟರೆ ಕಾರ್ಖಾನೆ ಬರುವುದೆಂಬ ಭಾಷಣಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನಗೆ ಹೆಚ್ಚು ಭರವಸೆ ಕೊಡುವುದು ಹುಬ್ಬಳ್ಳಿಯ ಉದಾಹರಣೆ. 1947ರ ಬಿ.ವಿ.ಬಿ. ಕಾಲೇಜು ಎಷ್ಟೋ ತಲೆಮಾರು ಎಂಜಿನಿಯರರನ್ನು ಹೊರಗೆ ಕಳುಹಿದ ಆ ಊರಿನಲ್ಲಿ, ಬೆಂಗಳೂರಿನ ಚಿಪ್ ಕಂಪನಿಯಲ್ಲಿ ಪಳಗಿದ ವಿವೇಕ ಪವಾರರು 2005ರಲ್ಲಿ ಸಂಕಲ್ಪ ಸೆಮಿಕಂಡಕ್ಟರ್ ಎಂಬ ವಿನ್ಯಾಸ ಸಂಸ್ಥೆಯನ್ನು ತೊಡಗಿದರು. ಮಹಾನಗರದವರು ಅರಸದ ಹುಡುಗರನ್ನು ಆರಿಸಿ ಕಲಿಸಿ ಬೆಳೆಸಿದ ಆ ಸಂಸ್ಥೆಯನ್ನು 2019ರಲ್ಲಿ ಎಚ್‌ಸಿಎಲ್ ಕೊಂಡುಕೊಂಡಿತು. ಅಲ್ಲಿ ಬಂದುದು ಕಾರ್ಖಾನೆಯಲ್ಲ, ಹೊರಗೆ ಕಲಿತು ಮರಳಿದ ಒಬ್ಬ ಮನುಷ್ಯ.

ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಹುಡುಗರಾದರೋ ಸದ್ಯಕ್ಕೆ ರಾತ್ರಿಯ ಬಸ್ಸನ್ನೋ, ಗೋಲಗುಂಬಜ್ ಎಕ್ಸ್‌ಪ್ರೆಸ್ಸನ್ನೋ ಹಿಡಿದು ಬೆಂಗಳೂರಿಗೆ ಹೋಗುತ್ತಿರುವರು. ಇಂಡಿ ರೋಡ್ ನಿಲ್ದಾಣದಲ್ಲಿ ಬೀಳ್ಕೊಡಲು ಬಂದ ತಂದೆ ಕೊನೆಯ ಗಳಿಗೆಯಲ್ಲಿ ಕಿಟಕಿಯೊಳಗೆ ತೂರಿಸುವ ಚೀಲದಲ್ಲಿ ರೊಟ್ಟಿ, ಶೇಂಗಾಚಟ್ನಿಗಳೊಡನೆ ಹತ್ತಿಪ್ಪತ್ತು ಲಿಂಬೆಕಾಯಿಯೂ ಇರುವುದುಂಟು.